ಬಾಲ್ಕನಿಯಲ್ಲಿ ಬಾಣಂತನ

ಪ್ರಶ್ನೆ: ನಮ್ಮ ಮನೆ ಬಸವೇಶ್ವರನಗರದಲ್ಲಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಪುಟ್ಟ ಹಕ್ಕಿಯೊಂದು ಚೀಲದಂಥ ಗೂಡು ಕಟ್ಟಿದೆ. ಒಳಗೆ ಮರಿಗಳ ದನಿ. ಮುಂದಿನ ವಾರ ಪೇಂಟಿಂಗ್ ಇದೆ, ಬೆಕ್ಕಿನ ಭಯವೂ ಇದೆ. ಗೂಡನ್ನು ಎದುರಿನ ಮರಕ್ಕೆ ಕಟ್ಟಬಹುದೇ?

ಉತ್ತರ: ಖಂಡಿತ ಬೇಡ. ನೀವು ಹೇಳುವ ಗೂಡು ಸೂರಕ್ಕಿಯದು. ಜೇಡರಬಲೆಯ ಎಳೆಯಲ್ಲಿ ತೊಗಟೆ ಚೂರು, ಕಸಕಡ್ಡಿ ಹೆಣೆದು ಬಾಗಿಲಿಗೊಂದು ಸಜ್ಜೆಯನ್ನೂ ಇಡುವ ಜಾಣ ಹಕ್ಕಿ ಅದು. ಜಾಗ ಬದಲಿಸಿದರೆ ತಾಯಿ ಹುಡುಕಿಕೊಂಡು ಬರುವ ಭರವಸೆಯಿಲ್ಲ. ಮೊಟ್ಟೆಯೊಡೆದು ಎರಡು ವಾರ ದಾಟುತ್ತಲೇ ಮರಿಗಳು ಹಾರುತ್ತವೆ. ಅಲ್ಲಿಯವರೆಗೆ ಬಾಲ್ಕನಿಯೊಂದನ್ನು ಬಿಟ್ಟು ಉಳಿದ ಕೋಣೆಗಳಿಗೆ ಬಣ್ಣ ಹೊಡೆಸಿ. ಬಟ್ಟೆ ಬೇರೆಡೆ ಒಣಗಲಿ. ಮೊಬೈಲ್ ಹಿಡಿದು ಇಣುಕಬೇಡಿ. ಬೆಕ್ಕಿಗಿಂತ ಫೋಟೊದ ಕಾಟವೇ ಹೆಚ್ಚು!

ಬೆಕ್ಕು ಹತ್ತುವಂಥ ಸ್ಟೂಲು, ಕುಂಡ ಸರಿಸಿಡಿ. ಪುಕ್ಕವಿಲ್ಲದ ಮರಿ ಬಿದ್ದರೆ ಮೆಲ್ಲಗೆ ಗೂಡಿಗೇ ಸೇರಿಸಿ. ಮನುಷ್ಯರ ಕೈ ತಾಗಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಪುಕ್ಕ ಬಂದು ಕುಪ್ಪಳಿಸುವ ಮರಿಯನ್ನು ಹತ್ತಿರದ ಗಿಡದ ಮೇಲೆ ಕೂರಿಸಿ ದೂರ ನಿಲ್ಲಿ. ಹಾಲು, ಅನ್ನ, ಬ್ರೆಡ್ ಕೊಡಬೇಡಿ, ಬಾಯಿಗೆ ನೀರು ಬಿಡಬೇಡಿ.

ಬೆಕ್ಕು ಬಾಯಿ ಹಾಕಿದ್ದರೆ ಮಾತ್ರ, ಗಾಯ ಕಾಣದಿದ್ದರೂ ಕಾಯಬೇಡಿ. ಅದರ ಹಲ್ಲಿನಿಂದ ತಗಲುವ ಸೋಂಕಿಗೆ ಆಂಟಿಬಯಾಟಿಕ್ ಬೇಕು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಮರಿಯನ್ನಿಟ್ಟು, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಫೋನ್ ಮಾಡಿ, ಅಂದೇ ಒಯ್ಯಿರಿ. ಮನೆಯಲ್ಲೇ ಸಾಕುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮರಿಗಳು ಹಾರಿದ ಮೇಲೆ ಒಂದೆರಡು ದಿನ ಗೂಡು ಖಾಲಿಯಿದೆಯೇ ಗಮನಿಸಿ, ಆಮೇಲೆ ಪೇಂಟರನ್ನು ಕರೆಯಿರಿ.