ದಾಸವಾಳದ ಎಲೆ ಹಳದಿಯಾದಾಗ



ಕೆ.ಜಿ.ಎಫ್., ಬಂಗಾರಪೇಟೆಯ ಅನೇಕ ಮನೆಗಳ ಮುಂದೆ ದಾಸವಾಳದ ಗಿಡವಿದೆ. ಎಲೆ ಹಳದಿಯಾದರೆ ನಾವು ಇನ್ನೊಂದು ಬಿಂದಿಗೆ ನೀರು ಸುರಿಯುತ್ತೇವೆ, ಇಲ್ಲವೇ ಗಿಡವನ್ನೇ ಕೀಳುತ್ತೇವೆ. ಅದಕ್ಕೂ ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಿ.

ಕೆಳಗಿನ ಹಳೆಯ ಎಲೆಗಳು ಹಳದಿಯಾಗಿ, ಬೆಳವಣಿಗೆ ಕುಂಠಿತವಾಗಿದ್ದರೆ ಸಾರಜನಕದ ಕೊರತೆಯಿರಬಹುದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ತುದಿಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣು ಕ್ಷಾರವಾದಾಗ, ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ಆದಷ್ಟು ಮಳೆನೀರು ಹಿಡಿದು ಹಾಕಿ. ಮಣ್ಣು ಸದಾ ಒದ್ದೆಯಿದ್ದೂ ಗಿಡ ಬಾಡಿದರೆ ಬೇರು ಕೊಳೆಯುತ್ತಿರಬಹುದು. ನೀರು ನಿಲ್ಲಿಸಿ, ಕುಂಡದ ತೂತು ಬಿಡಿಸಿ.

ಕುಡಿ ಮುರುಟಿ, ಹತ್ತಿಯಂಥ ಬಿಳುಪು ಅಂಟಿದ್ದರೆ ಅದು ಹಿಟ್ಟು ತಿಗಣೆ. ಆ ಕುಡಿ ಕತ್ತರಿಸಿ ಸುಟ್ಟುಬಿಡಿ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ತುಸು ಸೋಪು ಬೆರೆಸಿ, ವಾರಕ್ಕೊಮ್ಮೆ ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ತಿಗಣೆಯನ್ನು ಕಾಯುವ ಇರುವೆಗಳನ್ನೂ ತಡೆಯಿರಿ.

ಒಂದು ಎಚ್ಚರಿಕೆ. 2001ರಲ್ಲಿ ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಉಳಿದಿವೆ. ಆ ಮಣ್ಣನ್ನು ಕುಂಡಕ್ಕೆ ತರಬೇಡಿ. ಅದು ಅರೆದ ಕಲ್ಲಿನ ಪುಡಿ, ಸತ್ವವಿಲ್ಲ, ವಿಷಾಂಶವುಂಟು.

ಲೂಕನ ಶುಭಸಂದೇಶದ ತೋಟಗಾರನನ್ನು ನೆನೆಯಿರಿ. ಕಾಯಿ ಬಿಡದ ಅಂಜೂರಕ್ಕಾಗಿ ಅವನು ಒಂದು ವರ್ಷದ ಗಡುವು ಬೇಡಿದ. ಜೊತೆಗೆ ಬುಡ ಅಗೆದು ಗೊಬ್ಬರ ಹಾಕಲೂ ಒಪ್ಪಿದ. ತಾಳ್ಮೆಯೆಂದರೆ ಸುಮ್ಮನೆ ಕಾಯುವುದಲ್ಲ. ಹಣ್ಣಾದ ಎಲೆ ಮತ್ತೆ ಹಸಿರಾಗದು. ಚೇತರಿಕೆಯನ್ನು ಹೊಸ ಚಿಗುರಿನಲ್ಲಿ ನೋಡಿ. ಮನೆಯ ಮಕ್ಕಳನ್ನು ತಿದ್ದುವಾಗಲೂ ಹೀಗೆಯೇ ಅಲ್ಲವೇ?