ಮೂಳೆಯ ಸಾಕ್ಷ್ಯ: ಬಾಲಾಪರಾಧಿಯ ವಯೋನಿರ್ಣಯ

ಕಳವಿನ ಆಪಾದನೆಗೆ ಗುರಿಯಾದ ಹುಡುಗನೊಬ್ಬನನ್ನು ಪೋಲೀಸರು ಹಿಡಿದರೆಂದು ಭಾವಿಸೋಣ. ಆತನಿಗೆ ೧೮ ವರ್ಷ ತುಂಬಿಲ್ಲದಿದ್ದರೆ ಅವನನ್ನು ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇರಿಸಕೂಡದು. ಪ್ರಯಾಣದ ವೇಳೆಯನ್ನು ಬಿಟ್ಟು ೨೪ ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರತಕ್ಕದ್ದು. ಮ್ಯಾಜಿಸ್ಟ್ರೇಟರೊಬ್ಬರೂ ಇಬ್ಬರು ಸಮಾಜಸೇವಕರೂ ಸೇರಿದ ಈ ಮಂಡಳಿಯ ಉದ್ದೇಶ ದಂಡನೆಯಲ್ಲ, ತಿದ್ದುವಿಕೆ. ೧೮ ತುಂಬಿದ್ದರೋ, ಸಾಮಾನ್ಯ ನ್ಯಾಯಾಲಯವೇ ಗತಿ. ಹೀಗೆ ಹುಡುಗನ ಮುಂದಿನ ಬಾಳೆಲ್ಲವೂ ಒಂದು ಸಂಖ್ಯೆಯನ್ನು ಅವಲಂಬಿಸಿದೆ. ಆ ಸಂಖ್ಯೆಯನ್ನು ಅರಿಯುವುದು ಹೇಗೆ?

೨೦೧೫ರ ಬಾಲನ್ಯಾಯ ಕಾಯ್ದೆಯ ೯೪ನೆಯ ಪ್ರಕರಣವು ಇದಕ್ಕೊಂದು ಕ್ರಮವನ್ನು ವಿಧಿಸಿದೆ. ವಯಸ್ಸಿನ ಬಗೆಗೆ ಸಂಶಯವುಂಟಾದರೆ ಶಾಲೆಯ ಜನನದಿನಾಂಕದ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪತ್ರವೇ ಮೊದಲ ಆಧಾರ. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿ ಮುಂತಾದವು ಕೊಟ್ಟ ಜನನಪತ್ರ. ಇವೆರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಶಾಲೆಯ ಮುಖವನ್ನೇ ಕಾಣದ ಬಡ ಹುಡುಗನಿಗೆ ಹಲವು ವೇಳೆ ಉಳಿಯುವುದು ಇದೊಂದೇ.

ಈ ಪರೀಕ್ಷೆಯ ತತ್ತ್ವ ಸರಳವಾದುದು. ಬೆಳೆಯುತ್ತಿರುವ ನೀಳ ಮೂಳೆಯ ಕಾಂಡಕ್ಕೂ ತುದಿಗೂ ನಡುವೆ ಮೃದ್ವಸ್ಥಿಯ ತೆಳುಪದರವೊಂದಿರುತ್ತದೆ. ಮೂಳೆಯಲ್ಲಿರುವ ಕ್ಯಾಲ್ಸಿಯಮ್ಮಿನ ಪರಮಾಣು ಸಂಖ್ಯೆ ೨೦. ಮೃದ್ವಸ್ಥಿಯಲ್ಲಿ ಹೇರಳವಾಗಿರುವ ಆಮ್ಲಜನಕದ್ದು ೮. ಪರಮಾಣು ಸಂಖ್ಯೆ ಹೆಚ್ಚಿದಂತೆ ಕ್ಷ-ಕಿರಣಗಳನ್ನು ಹೀರುವ ಶಕ್ತಿಯೂ ಬಹುವಾಗಿ ಹೆಚ್ಚುವುದರಿಂದ ಚಿತ್ರದಲ್ಲಿ ಮೂಳೆ ಬೆಳ್ಳಗೂ ಪದರವು ಕಪ್ಪು ಗೆರೆಯಾಗಿಯೂ ಕಾಣುತ್ತವೆ. ಬೆಳವಣಿಗೆ ಮುಗಿದಾಗ ಪದರವೂ ಮೂಳೆಯಾಗಿ ಗೆರೆ ಅಳಿದುಹೋಗುವುದು. ಹುಡುಗರಲ್ಲಿ ಮೊಣಕೈಯ ಬಳಿ ಇದು ಸುಮಾರು ೧೪ರಿಂದ ೧೬ರಲ್ಲಿಯೂ, ಮಣಿಕಟ್ಟಿನಲ್ಲಿ ಸುಮಾರು ೧೭ರಿಂದ ೧೯ರಲ್ಲಿಯೂ ನಡೆಯುತ್ತದೆ. ಹುಡುಗಿಯರಲ್ಲಿ ತುಸು ಮೊದಲೇ.

ಆದರೆ ಮೂಳೆಯು ಪಂಚಾಂಗವಲ್ಲ. ಆಹಾರ, ರೋಗ, ವಂಶಗುಣಗಳು ಅದರ ಬೆಳವಣಿಗೆಯನ್ನು ಹಿಂದು ಮುಂದು ಮಾಡುತ್ತವೆ. ಹೊಟ್ಟೆಗಿಲ್ಲದೆ ಬೆಳೆದ ಮಗುವಿನ ಮೂಳೆ ಅದರ ನಿಜವಯಸ್ಸಿಗಿಂತ ಎಳೆಯದಾಗಿ ತೋರಬಹುದು. ಈ ಪರೀಕ್ಷೆಯಲ್ಲಿ ಎರಡು ವರ್ಷ ಹೆಚ್ಚು ಅಥವಾ ಕಡಮೆಯಾಗುವ ದೋಷಕ್ಕೆ ಎಡೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು ೧೯೮೨ರಲ್ಲಿಯೇ ಮನಗಂಡಿತು. ಅಂದರೆ ೧೮ ಎಂಬ ಉತ್ತರವು ೧೬ರಿಂದ ೨೦ರವರೆಗಿನ ಯಾವ ವಯಸ್ಸಾದರೂ ಆಗಿರಬಹುದು! ಇದಲ್ಲದೆ ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು. ಹಲವು ವರ್ಷಗಳ ಬಳಿಕ ಚಿತ್ರ ತೆಗೆದರೆ ಗೆರೆಗಳೆಲ್ಲ ಅಳಿದಿರುತ್ತವೆ; ನಿಂತುಹೋದ ಗಡಿಯಾರದಿಂದ ಹೊತ್ತನ್ನು ತಿಳಿಯುವುದೆಂತು?

ಅಳತೆಯೊಡನೆ ಅದರ ದೋಷವನ್ನೂ ಹೇಳಬೇಕೆಂಬುದು ಭೌತವಿಜ್ಞಾನದ ಮೊದಲ ಪಾಠ. ನ್ಯಾಯಶಾಸ್ತ್ರವು ಇದಕ್ಕೆ ಇನ್ನೊಂದು ಪಾಠವನ್ನು ಸೇರಿಸಿದೆ: ಗಡಿಯಂಚಿನ ಸಂಶಯವು ಬಾಲಕನ ಕಡೆಗೇ ವಾಲಲಿ ಎಂದು ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಉಪಕರಣವು ಮೌನ ತಾಳುವೆಡೆಯಲ್ಲಿ ಕರುಣೆಯು ಮಾತನಾಡುವುದು ಯುಕ್ತವೇ ಆಗಿದೆ.