ಕಾಮಾಲೆ ಕಣ್ಣು ಮತ್ತು ಎಂಟನೆಯ ಕಟ್ಟಳೆ



ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ ಈ ಕಟ್ಟಳೆಯನ್ನು ನಾವು ಬೇಗ ದಾಟಿಹೋಗುತ್ತೇವೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇದೇ ಕಟ್ಟಳೆಯಡಿ ಇನ್ನೊಂದು ಪಾಪವನ್ನೂ ಹೆಸರಿಸುತ್ತದೆ. ಅದು ದುಡುಕಿನ ತೀರ್ಪು. ಅಂದರೆ, ಸಾಕಷ್ಟು ಆಧಾರವಿಲ್ಲದೆ ನೆರೆಯವನು ತಪ್ಪಿತಸ್ಥನೆಂದು ನಂಬಿಬಿಡುವುದು. ಬಾಯಿ ಬಿಟ್ಟು ಹೇಳದಿದ್ದರೂ, ಮನಸ್ಸಿನೊಳಗೇ ನಂಬಿಕೊಂಡರೂ ಅದು ತಪ್ಪೇ.

ಈ ಅಳತೆಗೋಲನ್ನು ಹಿಡಿದರೆ ನಮ್ಮಲ್ಲಿ ಪಾರಾಗುವವರು ಯಾರು? ನಮಗಾಗದವನೊಬ್ಬ ದೇವಾಲಯಕ್ಕೆ ದೊಡ್ಡ ಕಾಣಿಕೆ ಕೊಟ್ಟರೆ ‘ಹೆಸರಿಗಾಗಿ ಕೊಟ್ಟ’ ಎನ್ನುತ್ತೇವೆ. ಕೊಡದಿದ್ದರೆ ‘ಜಿಪುಣ’ ಎನ್ನುತ್ತೇವೆ. ಅವನು ಏನು ಮಾಡಿದರೂ ನಮ್ಮ ತೀರ್ಪು ಬದಲಾಗುವುದಿಲ್ಲ. ‘ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ’ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಒಂದು ಇಡೀ ದೇಶದ ಕಣ್ಣಿಗೇ ಕಾಮಾಲೆ ಹತ್ತಿದರೆ ಏನಾಗುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ಒಂದು ಮೊಕದ್ದಮೆಯಿಂದ ತಿಳಿಯೋಣ.

ಒಂದು ಹರಿದ ಕಾಗದ

1894ರಲ್ಲಿ ಪ್ಯಾರಿಸ್ ನಗರದ ಜರ್ಮನ್ ರಾಯಭಾರ ಕಚೇರಿಯ ಕಸದ ಬುಟ್ಟಿಯಿಂದ ಒಂದು ಹರಿದ ಕಾಗದ ಫ್ರೆಂಚ್ ಬೇಹುಗಾರರ ಕೈಸೇರಿತು. ಫ್ರೆಂಚ್ ಸೇನೆಯ ಗುಟ್ಟುಗಳನ್ನು ಮಾರುತ್ತಿದ್ದವನೊಬ್ಬ ಬರೆದ ಪಟ್ಟಿ ಅದು. ಸಹಿ ಇರಲಿಲ್ಲ. ಸಂಶಯವು ಆಲ್ಫ್ರೆಡ್ ಡ್ರೇಫಸ್ ಎಂಬ ಫಿರಂಗಿದಳದ ಕ್ಯಾಪ್ಟನ್ ಮೇಲೆ ಬಿತ್ತು. ಆತ ಯೆಹೂದ್ಯ. ಯೆಹೂದ್ಯರೆಂದರೆ ದೇಶಕ್ಕೆ ನಿಷ್ಠೆಯಿಲ್ಲದವರು ಎಂಬ ಮಾತು ಆಗ ಫ್ರಾನ್ಸಿನ ಬೀದಿಬೀದಿಯಲ್ಲಿ, ಪತ್ರಿಕೆ ಪತ್ರಿಕೆಯಲ್ಲಿ ಹರಡಿತ್ತು. ಅಕ್ಟೋಬರ್ 15ರಂದು ಅವನನ್ನು ಬಂಧಿಸಲಾಯಿತು.

ಆಧಾರವೆಂದರೆ ಕೈಬರಹದ ಹೋಲಿಕೆ ಮಾತ್ರ. ಬರಹವನ್ನು ಪರೀಕ್ಷಿಸಿದ ಐವರಲ್ಲಿ ಇಬ್ಬರು ಇದು ಡ್ರೇಫಸನದೆಂದು ಒಪ್ಪಲಿಲ್ಲ. ಒಪ್ಪಿದವರಲ್ಲಿ ಒಬ್ಬ ಬೆರ್ತಿಯೋ. ಅಪರಾಧಿಗಳ ದೇಹದ ಅಳತೆಯಿಂದ ಅವರನ್ನು ಗುರುತಿಸುವ ವಿಧಾನಕ್ಕೆ ಹೆಸರಾದ ಪೊಲೀಸ್ ಅಧಿಕಾರಿ ಈತ, ಕೈಬರಹದ ತಜ್ಞನಲ್ಲ. ಎರಡು ಬರಹಗಳ ನಡುವೆ ವ್ಯತ್ಯಾಸಗಳು ಎದ್ದು ಕಾಣುತ್ತಿದ್ದವು. ಅದಕ್ಕೆ ಬೆರ್ತಿಯೋ ಕೊಟ್ಟ ವಿವರಣೆ ಕೇಳಿ: ಸಿಕ್ಕಿಬಿದ್ದರೆ ‘ಇದು ನನ್ನದಲ್ಲ’ ಎನ್ನಲು ಅನುಕೂಲವಾಗಲೆಂದು ಡ್ರೇಫಸ್ ಬೇಕೆಂದೇ ತನ್ನ ಬರಹವನ್ನು ತಾನೇ ತಿರುಚಿದ್ದಾನೆ! ಅಕ್ಷರ ಹೋಲಿದರೆ ಅವನು ಬರೆದದ್ದು. ಹೋಲದಿದ್ದರೆ ಅವನು ಉಪಾಯದಿಂದ ಬರೆದದ್ದು. ಹೀಗಾದ ಮೇಲೆ ನಿರಪರಾಧಿಗೆ ಉಳಿದ ದಾರಿ ಯಾವುದು?

ಉಳಿದದ್ದೂ ಹೀಗೆಯೇ ನಡೆಯಿತು. ಮನೆಯನ್ನು ಶೋಧಿಸಿದಾಗ ಏನೂ ಸಿಗಲಿಲ್ಲ. ‘ಎಲ್ಲವನ್ನೂ ಮೊದಲೇ ಬಚ್ಚಿಟ್ಟಿದ್ದಾನೆ’ ಎಂದರು. ಅವನಿಗೆ ಹಲವು ಭಾಷೆಗಳು ಬರುತ್ತಿದ್ದವು, ನೆನಪಿನ ಶಕ್ತಿ ಚೆನ್ನಾಗಿತ್ತು. ಅದೂ ಬೇಹುಗಾರನ ಲಕ್ಷಣವೆನಿಸಿತು. ಇಷ್ಟಾದರೂ ಸಾಲದೆ ಪ್ರತಿವಾದಿಗೂ ಅವನ ವಕೀಲರಿಗೂ ತೋರಿಸದ ಒಂದು ಗುಪ್ತ ಕಡತವನ್ನು ನ್ಯಾಯಾಧೀಶರ ಕೈಗೆ ಕೊಡಲಾಯಿತು. ಡಿಸೆಂಬರ್ 22ರಂದು ಸೇನಾ ನ್ಯಾಯಾಲಯದ ಏಳು ಮಂದಿಯೂ ಒಮ್ಮತದಿಂದ ಅವನನ್ನು ಅಪರಾಧಿಯೆಂದರು. 1895ರ ಜನವರಿ 5ರಂದು ಸಾರ್ವಜನಿಕವಾಗಿ ಅವನ ಪದವಿಯ ಪಟ್ಟಿಗಳನ್ನು ಕಿತ್ತು, ಕತ್ತಿಯನ್ನು ಮುರಿದು, ದಕ್ಷಿಣ ಅಮೆರಿಕದ ತೀರದಾಚೆಯ ‘ದೆವ್ವದ ದ್ವೀಪ’ ಎಂಬಲ್ಲಿಗೆ ಗಡೀಪಾರು ಮಾಡಿದರು. ಅವನಿಗೆ ಹೆಂಡತಿಯೂ ಇಬ್ಬರು ಚಿಕ್ಕ ಮಕ್ಕಳೂ ಇದ್ದರು.

ಸತ್ಯ ಬಂದಾಗ ಬಾಗಿಲು ತೆರೆಯಲಿಲ್ಲ

1896ರಲ್ಲಿ ಬೇಹುಗಾರಿಕೆ ವಿಭಾಗದ ಹೊಸ ಮುಖ್ಯಸ್ಥ ಪಿಕಾರ್ ಎಂಬ ಅಧಿಕಾರಿಗೆ ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿಯ ಪತ್ರಗಳು ದೊರೆತವು. ಹರಿದ ಕಾಗದದ ಕೈಬರಹ ಅದೇ ಆಗಿತ್ತು. ಪಿಕಾರ್‌ಗೂ ಯೆಹೂದ್ಯರ ಮೇಲೆ ಒಲವೇನೂ ಇರಲಿಲ್ಲ. ಆದರೂ ಕಣ್ಣೆದುರಿನ ಸಾಕ್ಷ್ಯಕ್ಕೆ ಅವನು ತಲೆಬಾಗಿದ. ಅದೇ ಪತ್ರವನ್ನು ಬೆರ್ತಿಯೋಗೆ ತೋರಿಸಿದಾಗ ‘ಇದೇ ಆ ಬರಹ’ ಎಂದು ಅವನೂ ಒಪ್ಪಿದ. ಇದು ಇತ್ತೀಚೆಗೆ ಬರೆದದ್ದು, ಬರೆದವನು ಡ್ರೇಫಸ್ ಅಲ್ಲ ಎಂದು ತಿಳಿದಾಗಲೋ, ಹಾಗಾದರೆ ಯೆಹೂದ್ಯರು ಆ ಬರಹವನ್ನು ಅನುಕರಿಸಲು ಯಾರನ್ನೋ ತರಬೇತುಗೊಳಿಸಿದ್ದಾರೆ ಎಂದುಬಿಟ್ಟ!

ಪಿಕಾರ್‌ನನ್ನು ದೂರದ ಟುನೀಶಿಯಕ್ಕೆ ಕಳುಹಿಸಿದರು, ಮುಂದೆ ಸೆರೆಮನೆಗೂ ಹಾಕಿದರು. 1898ರ ಜನವರಿಯಲ್ಲಿ ಎಸ್ಟರ್‌ಹಾಜಿ ಬಿಡುಗಡೆಯಾದ. ಎರಡೇ ದಿನಗಳಲ್ಲಿ, ಜನವರಿ 13ರಂದು, ಸಾಹಿತಿ ಎಮಿಲ್ ಜೋಲಾ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. ಅದೇ ಆಗಸ್ಟ್‌ನಲ್ಲಿ, ಡ್ರೇಫಸನ ವಿರುದ್ಧ ಬಲವಾದ ಪುರಾವೆ ಎನಿಸಿದ್ದ ಒಂದು ಪತ್ರವು ಎರಡು ಬೇರೆ ಕಾಗದಗಳ ತುಂಡುಗಳನ್ನು ಅಂಟಿಸಿ ಮಾಡಿದ ನಕಲಿಯೆಂದು ದೀಪದ ಬೆಳಕಿನಲ್ಲಿ ಪತ್ತೆಯಾಯಿತು. ಅದನ್ನು ಸೃಷ್ಟಿಸಿದ್ದ ಆನ್ರಿ ಎಂಬ ಅಧಿಕಾರಿ ತಪ್ಪೊಪ್ಪಿಕೊಂಡು ಮರುದಿನವೇ ಬಂದೀಖಾನೆಯಲ್ಲಿ ಪ್ರಾಣ ಕಳೆದುಕೊಂಡ. ಜನ ಆಗಲಾದರೂ ಕಣ್ಣು ತೆರೆದರೇ? ಅನೇಕರು ಆ ನಕಲಿಯನ್ನೇ ದೇಶಭಕ್ತಿಯ ಕೆಲಸವೆಂದು ಕೊಂಡಾಡಿದರು. 1899ರ ಮರುವಿಚಾರಣೆಯಲ್ಲೂ ಸೇನಾ ನ್ಯಾಯಾಲಯ ಡ್ರೇಫಸನನ್ನೇ ಅಪರಾಧಿಯೆಂದಿತು. ಅದೇ ತಿಂಗಳು ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಕೊಟ್ಟರು. 1906ರ ಜುಲೈ 12ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಸಾರಿತು. ಬಂಧನದಿಂದ ಅಲ್ಲಿಯವರೆಗೆ ಸುಮಾರು 12 ವರ್ಷಗಳು ಕಳೆದಿದ್ದವು.

ಇದರಲ್ಲಿ ಕಥೋಲಿಕರ ಪಾಲೇನು? ಇದನ್ನು ಮುಚ್ಚಿಡುವುದೂ ಎಂಟನೆಯ ಕಟ್ಟಳೆಗೆ ವಿರುದ್ಧವೇ. ಅಂದಿನ ಫ್ರಾನ್ಸಿನ ಪ್ರಮುಖ ಕಥೋಲಿಕ ದಿನಪತ್ರಿಕೆ ‘ಲಾ ಕ್ರುವಾ’, ಅಂದರೆ ‘ಶಿಲುಬೆ’, ಯೆಹೂದ್ಯರ ಮೇಲಿನ ದ್ವೇಷಕ್ಕೆ ತುಪ್ಪ ಸುರಿಯಿತು. ಶಿಲುಬೆಯ ಗುರುತು ಹೊತ್ತ ಪತ್ರಿಕೆ ಹೇಳಿದ ಮೇಲೆ ಸುಳ್ಳಾದೀತೇ ಎಂದು ಸಾವಿರಾರು ಮನೆಗಳು ನಂಬಿದವು. ಪಾಲ್ ವಿಯೊಲೆ ಎಂಬ ಕಥೋಲಿಕ ಇತಿಹಾಸಕಾರರಂಥ ಕೆಲವರು ಮಾತ್ರ ಡ್ರೇಫಸನ ಪರವಾಗಿ ನ್ಯಾಯ ಕೇಳಿದರು. ಅವರದು ಸಣ್ಣ ಗುಂಪು. ಜೋಲಾ ಪತ್ರಕ್ಕೆ ನೂರು ವರ್ಷ ತುಂಬಿದ 1998ರಲ್ಲಿ ಅದೇ ‘ಲಾ ಕ್ರುವಾ’ ತನ್ನ ಹಿಂದಿನ ಬರಹಗಳಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿತು.

ಮನಸ್ಸು ಹೀಗೇಕೆ ಮಾಡುತ್ತದೆ?

ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಾಸ್ ಅಕ್ವಿನಾಸರು ಇದಕ್ಕೆ ಉತ್ತರ ಬರೆದಿದ್ದಾರೆ. ಸಂಶಯ ಹುಟ್ಟಲು ಅವರು ಮೂರು ಕಾರಣಗಳನ್ನು ಕೊಡುತ್ತಾರೆ. ತಾನೇ ಕೆಟ್ಟವನಾದವನು ಪರರನ್ನೂ ಹಾಗೆಯೇ ಭಾವಿಸುತ್ತಾನೆ. ಒಬ್ಬರ ಮೇಲೆ ದ್ವೇಷ, ಸಿಟ್ಟು ಅಥವಾ ಹೊಟ್ಟೆಕಿಚ್ಚು ಇದ್ದವನು ಅಲ್ಪಸ್ವಲ್ಪ ಕುರುಹುಗಳಿಂದಲೇ ಕೆಟ್ಟದ್ದನ್ನು ನಂಬುತ್ತಾನೆ, ಏಕೆಂದರೆ ತನಗೆ ಬೇಕಾದದ್ದನ್ನು ನಂಬುವುದು ಎಲ್ಲರಿಗೂ ಸುಲಭ. ಮೂರನೆಯದು ದೀರ್ಘ ಅನುಭವ. ಇವುಗಳಲ್ಲಿ ಎರಡನೆಯದೇ ಫ್ರಾನ್ಸಿನಲ್ಲಿ ನಡೆದದ್ದು.

ದ್ವೇಷವಿಲ್ಲದಿದ್ದರೂ ಈ ದೋಷ ನಮ್ಮನ್ನು ಬಿಡುವುದಿಲ್ಲ. 1960ರಲ್ಲಿ ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಃಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇದನ್ನು ನೀವು ಮನೆಯಲ್ಲಿ ಮಕ್ಕಳೊಡನೆ ಮಾಡಿ ನೋಡಬಹುದು. ‘2, 4, 6 ಒಂದು ನಿಯಮದಂತೆ ಇವೆ. ನೀವೂ ಮೂರು ಮೂರು ಸಂಖ್ಯೆ ಹೇಳುತ್ತಾ ಹೋಗಿ. ಅವು ನಿಯಮಕ್ಕೆ ಸರಿಯೋ ತಪ್ಪೋ ಹೇಳುತ್ತೇನೆ. ನಿಯಮ ಖಚಿತವಾದಾಗ ತಿಳಿಸಿ’ ಎನ್ನಿ. ಹೆಚ್ಚಿನವರು 8, 10, 12 ಎನ್ನುತ್ತಾರೆ, ಸರಿ. 20, 22, 24 ಎನ್ನುತ್ತಾರೆ; ಸರಿ. ‘ಎರಡೆರಡು ಹೆಚ್ಚುವ ಸಂಖ್ಯೆ’ ಎಂದು ಘೋಷಿಸುತ್ತಾರೆ, ತಪ್ಪು! ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 3, 7, 50 ಎಂದು ಒಮ್ಮೆ ಕೇಳಿದ್ದರೆ ತಮ್ಮ ಊಹೆ ತಪ್ಪೆಂದು ತಿಳಿಯುತ್ತಿತ್ತು. ಆದರೆ ತಮ್ಮ ಊಹೆಯನ್ನು ಮುರಿಯಬಹುದಾದ ಪ್ರಶ್ನೆಯನ್ನು ಕೇಳಲು ಹೆಚ್ಚಿನವರಿಗೆ ತೋಚುವುದಿಲ್ಲ. ‘ಹೌದು’ ಎಂಬ ಉತ್ತರ ನೂರು ಸಲ ಬಂದರೂ ನಮ್ಮ ಊಹೆ ನಿಜವಾಗುವುದಿಲ್ಲ. ಅದನ್ನು ಸುಳ್ಳಾಗಿಸಬಲ್ಲ ಪರೀಕ್ಷೆಯಲ್ಲಿ ಅದು ಗೆದ್ದಾಗ ಮಾತ್ರ ಅದಕ್ಕೆ ಬಲ ಬರುತ್ತದೆ.

ಫ್ರಾನ್ಸ್ ದೂರವಲ್ಲ

ಇದೆಲ್ಲ ಹಳೆಯ ಕಾಲದ, ಪರದೇಶದ ಕಥೆ ಎನ್ನಬೇಡಿ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಮ್ಮ ದೇಶದಲ್ಲೆಲ್ಲ ಹಬ್ಬಿತ್ತು. ಅದರೊಂದಿಗೆ ಓಡಾಡಿದ ಒಂದು ವಿಡಿಯೋ, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರ. ಮಗುವನ್ನು ಹಿಂದಕ್ಕೆ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ತಡೆದು ಹೊಡೆದರು. ಒಬ್ಬ ತರುಣ ಇಂಜಿನಿಯರ್ ಸತ್ತ.

ಹೊಡೆದವರಲ್ಲೂ ಮಕ್ಕಳೊಂದಿಗರು ಇದ್ದಿರಬಹುದು. ಭಯ ಅವರ ಕಣ್ಣಿಗೆ ಬಣ್ಣ ಹಚ್ಚಿತ್ತು. ಡ್ರೇಫಸನ ಭಾಷಾಜ್ಞಾನ ಹೇಗೆ ಪುರಾವೆಯಾಯಿತೋ ಹಾಗೆಯೇ ಇಲ್ಲಿ ಚಾಕೊಲೇಟು ಪುರಾವೆಯಾಯಿತು. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿ ಹಾಕಿತು. ಯಂತ್ರಕ್ಕೆ ಮಿತಿ ಹಾಕಬಹುದು. ಮನಸ್ಸಿಗೆ ನಾವೇ ಹಾಕಿಕೊಳ್ಳಬೇಕು.

ಪವಿತ್ರ ಗ್ರಂಥ ತೋರುವ ದಾರಿ

ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ ಸುಸನ್ನಳ ವೃತ್ತಾಂತವಿದೆ. ಇಬ್ಬರು ಹಿರಿಯರು ಅವಳ ಮೇಲೆ ಸುಳ್ಳು ಆರೋಪ ಹೊರಿಸಿದರು. ಹೇಳಿದವರು ಗೌರವಸ್ಥರಾದ್ದರಿಂದ ಇಡೀ ಸಭೆ ನಂಬಿ ಮರಣದಂಡನೆ ವಿಧಿಸಿತು. ತರುಣ ದಾನಿಯೇಲ ಮಾಡಿದ್ದಾದರೂ ಏನು? ಅವರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಒಂದೇ ಪ್ರಶ್ನೆ ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಒಂದು ಪ್ರಾಣ ಉಳಿಯಿತು. ಒಬ್ಬರ ಮಾತನ್ನೇ ಹತ್ತು ಜನ ಪುನಃ ಹೇಳಿದರೆ ಹತ್ತು ಸಾಕ್ಷಿಗಳಾಗುವುದಿಲ್ಲ ಎಂಬ ಪಾಠ ಇಲ್ಲಿದೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ನತಾನಿಯೇಲನನ್ನು ಕಾಣುತ್ತೇವೆ. ನಜರೇತಿನಿಂದ ಒಳ್ಳೆಯದೇನೂ ಬಾರದೆಂಬ ಪೂರ್ವಗ್ರಹ ಅವನಿಗಿತ್ತು. ಫಿಲಿಪ್ಪನು ಅವನೊಡನೆ ವಾದಕ್ಕಿಳಿಯದೆ, ಬಂದು ನೋಡಲು ಕರೆದ. ನತಾನಿಯೇಲ ಎದ್ದು ಹೋದ, ಪ್ರಭುವನ್ನು ಕಂಡ, ಮನಸ್ಸು ಬದಲಿಸಿದ. ಪೂರ್ವಗ್ರಹವಿದ್ದರೂ ಅವನು ನೋಡಲು ಒಲ್ಲೆನೆನ್ನಲಿಲ್ಲ.

ಮನೆಯಲ್ಲಿ ಪಾಲಿಸಬಹುದಾದದ್ದು

1. ಸುದ್ದಿ ಬಂದಾಗ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ‘ಇದು ನಿಜವಾಗಿರಲಿ ಎಂದು ನಾನು ಬಯಸುತ್ತಿದ್ದೇನೆಯೇ?’ ಹೌದಾದರೆ ಎರಡು ಪಟ್ಟು ಎಚ್ಚರ ಬೇಕು.

2. ‘ನನ್ನ ಅಭಿಪ್ರಾಯ ತಪ್ಪಾಗಿದ್ದರೆ ಏನು ಕಾಣಬೇಕಿತ್ತು?’ ಎಂದು ಯೋಚಿಸಿ, ಅದನ್ನು ಹುಡುಕಿ. ಏನು ಕಂಡರೂ ತೀರ್ಪು ಬದಲಾಗದೆಂದಾದರೆ ಅದು ತೀರ್ಪಲ್ಲ, ಹಟ.

3. ಮೂಲ ಎಲ್ಲಿಯದು, ಕಣ್ಣಾರೆ ಕಂಡವರು ಯಾರು ಎಂದು ವಿಚಾರಿಸಿ. ತಿಳಿಯದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ಕ್ರೈಸ್ತರಿಂದ ಬಂದ ಸಂದೇಶ, ಶಿಲುಬೆಯ ಚಿತ್ರವಿರುವ ಸಂದೇಶ ಎಂಬುದು ಪುರಾವೆಯಲ್ಲ.

4. ಆರೋಪಕ್ಕೊಳಗಾದವನ ಮಾತನ್ನೂ ಕೇಳಿ.

5. ತಪ್ಪು ಸುದ್ದಿ ಹರಡಿದ್ದೀರೆಂದು ತಿಳಿದರೆ, ಯಾರಿಗೆಲ್ಲ ಹೇಳಿದ್ದಿರೋ ಅವರಿಗೆಲ್ಲ ನಿಜ ತಿಳಿಸಿ. ಕದ್ದದ್ದನ್ನು ಹಿಂದಿರುಗಿಸುವುದು ಹೇಗೆ ಕರ್ತವ್ಯವೋ, ಕೆಡಿಸಿದ ಹೆಸರನ್ನು ಸರಿಪಡಿಸುವುದೂ ಹಾಗೆಯೇ.

ಕುಟುಂಬದಲ್ಲಿ ಚಿಂತನೆಗೆ

ಈ ವಾರ ಸಂಜೆಯ ಪ್ರಾರ್ಥನೆಯ ನಂತರ ಎಲ್ಲರೂ ಕುಳಿತು ಮಾತನಾಡಿ. ಏನು ಮಾಡಿದರೂ ತಪ್ಪೇ ಎಂದು ನಾವು ತೀರ್ಮಾನಿಸಿಬಿಟ್ಟಿರುವ ವ್ಯಕ್ತಿ, ನೆರೆಮನೆ, ಜಾತಿ ಅಥವಾ ಧರ್ಮದವರು ಯಾರಾದರೂ ಇದ್ದಾರೆಯೇ? ಅವರ ಬಗ್ಗೆ ನಾವು ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು? ಈ ವಾರ ಅವರಲ್ಲಿ ಒಬ್ಬರನ್ನಾದರೂ ಭೇಟಿಯಾಗಲು ಸಾಧ್ಯವೇ? ಉತ್ತರ ಸಿಕ್ಕ ಮೇಲೆ ತಡಮಾಡಬೇಡಿ; ನತಾನಿಯೇಲನಂತೆ ಎದ್ದು ಹೋಗಿ, ನೋಡಿ ಬನ್ನಿ.